ಸಾಮಾನ್ಯ ಶಾಲೆಯಲ್ಲಿ ಅಸಾಮಾನ್ಯ ಪ್ರತಿಭೆ: ಉಡುಪಿ ಸೀಮೆಯ ವಿದ್ಯಾಚರಿತ್ರೆಯ ಒಂದು ಅವಲೋಕನ

ಪ್ರತಿಭೆಯು ಕುಲವನ್ನಾಗಲಿ ಸಿರಿಯನ್ನಾಗಲಿ ವಿಚಾರಿಸಿ ಹುಟ್ಟುವುದಿಲ್ಲ. ಅದು ಅರಮನೆಯ ತೊಟ್ಟಿಲಲ್ಲಿ ಕಣ್ದೆರೆಯಬಹುದು, ಅಂಬಿಗನ ಗುಡಿಸಲಿನಲ್ಲಿಯೂ ಕಣ್ದೆರೆಯಬಹುದು. ಆದರೆ ಹುಟ್ಟಿದ ಪ್ರತಿಭೆ ಬೆಳೆದು ಫಲಕೊಡಬೇಕಾದರೆ ಅದನ್ನು ಗುರುತಿಸುವ ಕಣ್ಣು ಬೇಕು, ಪೋಷಿಸುವ ಕೈ ಬೇಕು. ಸಿರಿವಂತರ ಮನೆಯಲ್ಲಿ ಇವೆರಡೂ ಒಮ್ಮೊಮ್ಮೆ ತಾವಾಗಿಯೇ ಒದಗುತ್ತವೆ. ಬಡವರ ಮಕ್ಕಳಿಗಾದರೋ ಸಾರ್ವಜನಿಕ ಶಾಲೆಯೊಂದೇ ಆಸರೆ. ಆ ಶಾಲೆಯು ತನ್ನೊಳಗಿನ ಮೇಧಾವಿ ಬಾಲಕ ಬಾಲಕಿಯರನ್ನು ಎಷ್ಟರಮಟ್ಟಿಗೆ ಕಂಡಿತು, ಎಷ್ಟರಮಟ್ಟಿಗೆ ಕಾಣದೆ ಹೋಯಿತು ಎಂಬುದನ್ನು ತಿಳಿಯಲು ಉಡುಪಿ ಸೀಮೆಯ ವಿದ್ಯಾಚರಿತ್ರೆ ಒಂದು ಉತ್ತಮ ನಿದರ್ಶನವಾಗಿದೆ.

ಉಡುಪಿಯಿಂದ ಉತ್ತರಾಭಿಮುಖವಾಗಿ ಹೆದ್ದಾರಿಯಲ್ಲಿ ಸಾಗಿದರೆ ಸ್ವರ್ಣಾ ನದಿಯನ್ನು ದಾಟುವ ಮುನ್ನ ಸಂತೆಕಟ್ಟೆ ದೊರೆಯುತ್ತದೆ. ಅದರ ಮಗ್ಗುಲಲ್ಲಿಯೇ ಒಂದು ಕಾಲಕ್ಕೆ ಕೆಳದಿಯ ಅರಸರ ಆಡಳಿತಕ್ಕೊಳಪಟ್ಟಿದ್ದ ಕಲ್ಯಾಣಪುರವಿದೆ. ಹೆಸರೇ ಸೂಚಿಸುವಂತೆ ಸಂತೆಕಟ್ಟೆ ಸುತ್ತಣ ಊರುಗಳ ಜನ ತಾವು ಬೆಳೆದುದನ್ನು ತಂದಿಳಿಸುವ ತಾಣ. ಸಂತೆಗೆ ಬಂದ ಸರಕನ್ನು ನಾಲ್ಕು ಜನ ಕಾಣುತ್ತಾರೆ, ಕೈಗೆತ್ತಿ ನೋಡುತ್ತಾರೆ, ತಕ್ಕ ಬೆಲೆ ಕಟ್ಟುತ್ತಾರೆ. ಅದೇ ಹಾದಿಯಲ್ಲಿ ಪುಸ್ತಕದ ಚೀಲ ಹೊತ್ತು ಶಾಲೆಗೆ ನಡೆದ ಮಕ್ಕಳ ಬುದ್ಧಿಗೆ ಅಂತಹ ನೋಟ ದೊರೆಯಿತೇ ಎಂಬುದು ಈ ಚರಿತ್ರೆಯ ಮೂಲಪ್ರಶ್ನೆ.

ಇಂಗ್ಲಿಷರ ಶಾಲೆಗಳು ಬರುವ ಮುನ್ನ ಈ ಕರಾವಳಿಯಲ್ಲಿ ಅಕ್ಷರ ಕಲಿಸುತ್ತಿದ್ದವರು ಐಗಳು. ಅವರ ಪಾಠಶಾಲೆಗೆ ‘ಐಗಳ ಮಠ’ವೆಂದೇ ಹೆಸರು. ‘ಅಯ್ಯ’ ಎಂಬುದರ ಗೌರವ ಬಹುವಚನವೇ ಈ ‘ಐಗಳು’. ವೀರಶೈವ ಪರಂಪರೆಯಲ್ಲಿ ಜಂಗಮರನ್ನು ‘ಅಯ್ಯ’ನೆಂದೂ ಅವರ ನೆಲೆಯನ್ನು ‘ಮಠ’ವೆಂದೂ ಕರೆಯುವ ರೂಢಿಯನ್ನು ಬಲ್ಲವರಿಗೆ ಈ ಮಾತು ಪರಕೀಯವೆನಿಸದು. ಆ ಮಠಗಳಲ್ಲಿ ಇಂದಿನಂತೆ ವರ್ಷಕ್ಕೊಂದು ತರಗತಿಯೆಂಬ ಕಟ್ಟು ಇರಲಿಲ್ಲ. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಅದು ಕೈಗೆ ಹತ್ತಿದ ಮೇಲೆ ಮಗ್ಗಿಗೆ, ಮಗ್ಗಿಯಿಂದ ಲೆಕ್ಕಕ್ಕೆ, ಲೆಕ್ಕದಿಂದ ಕಾವ್ಯದ ಓದಿಗೆ ಮಗುವು ತನ್ನ ಗತಿಗೆ ತಕ್ಕಂತೆ ಏರುತ್ತಿತ್ತು. ಮುಂದೆ ಹೋದವನು ಹಿಂದೆ ಇದ್ದವನಿಗೆ ಹೇಳಿಕೊಡುತ್ತಿದ್ದನು. ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂತಹ ದೇಶೀಯ ಶಾಲೆಯಲ್ಲಿ ಮಕ್ಕಳು ಮರಳಲ್ಲಿ ಬರೆಯುವುದನ್ನು ಕಂಡು, ಸಹಪಾಠಿಗಳಿಂದಲೇ ಕಲಿಸುವ ಪದ್ಧತಿಯನ್ನು ರೂಪಿಸಿ ‘ಮದರಾಸು ಪದ್ಧತಿ’ಯೆಂಬ ಹೆಸರಿನಿಂದ ಇಂಗ್ಲೆಂಡಿಗೆ ಕೊಂಡೊಯ್ದ ಸಂಗತಿ ಇಲ್ಲಿ ಸ್ಮರಣೀಯ. ಚುರುಕಾದ ಮಗುವನ್ನು ತಡೆದು ನಿಲ್ಲಿಸದಿರುವುದು, ಅದರ ಚುರುಕುತನವನ್ನು ಉಳಿದವರಿಗೆ ಉಪಯೋಗವಾಗುವಂತೆ ಮಾಡುವುದು, ಇವೆರಡು ಗುಣಗಳು ಆ ಹಳೆಯ ಪದ್ಧತಿಯಲ್ಲಿದ್ದುವು. ಆದರೆ ಆ ಮಠದ ಹೊಸ್ತಿಲನ್ನು ಎಲ್ಲ ಜಾತಿಯ ಮಕ್ಕಳೂ ತುಳಿಯುವಂತಿರಲಿಲ್ಲವೆಂಬುದನ್ನೂ, ಹೆಣ್ಣುಮಕ್ಕಳು ಬಹುಮಟ್ಟಿಗೆ ಹೊರಗೇ ಉಳಿದರೆಂಬುದನ್ನೂ ಮರೆಯಲಾಗದು.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೊ ಪ್ರಾಂತದ ದೇಶೀಯ ಶಾಲೆಗಳ ಲೆಕ್ಕ ತೆಗೆಯಲು ಆಜ್ಞಾಪಿಸಿದನು. ಪ್ರಾಂತದಲ್ಲಿ 12,498 ಶಾಲೆಗಳಿವೆಯೆಂದು ಲೆಕ್ಕ ಬಂದಿತು. ಕೆನರಾ ಜಿಲ್ಲೆಯ ಕಲೆಕ್ಟರನು ಮಾತ್ರ, ಇಲ್ಲಿ ವಿದ್ಯೆ ಖಾಸಗಿಯಾಗಿ ನಡೆಯುತ್ತದೆಂದು ಹೇಳಿ ಅಂಕಿಗಳನ್ನು ತುಂಬದೆ ಉತ್ತರ ಕಳುಹಿಸಿದನು. ಕರಾವಳಿಯ ಮಕ್ಕಳ ವಿದ್ಯೆ ಸರಕಾರದ ಕಣ್ಣಿಗೆ ಬೀಳದೆಹೋದ ಮೊದಲ ದಾಖಲೆಯಿದೆಂದು ಹೇಳಬಹುದು.

ಮುಂದೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1854ರ ವುಡ್ಡನ ವರದಿಯ ತರುವಾಯ ಅನುದಾನಿತ ಶಾಲೆಗಳು ಹೆಚ್ಚಿದುವು. ತರಗತಿ, ಪಠ್ಯಪುಸ್ತಕ, ಇನ್‌ಸ್ಪೆಕ್ಟರು, ಮೆಟ್ರಿಕ್ಯುಲೇಷನ್ ಪರೀಕ್ಷೆ ಇವುಗಳ ಹೊಸ ಯುಗ ಆರಂಭವಾಯಿತು. ಮದರಾಸು ಪ್ರಾಂತದಲ್ಲಿ ಪರೀಕ್ಷೆಯ ಫಲಿತಾಂಶವನ್ನು ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿಯೂ ನೆಲೆಗೊಂಡಿತು. ಇದರಿಂದ ಶಾಲೆಗಳ ಸಂಖ್ಯೆ ಬೆಳೆಯಿತೆಂಬುದು ನಿಜ. ಆದರೆ ಉತ್ತೀರ್ಣರಾಗುವವರ ಸಂಖ್ಯೆಗೆ ಹಣ ಬರುವಲ್ಲಿ ಉಪಾಧ್ಯಾಯನ ಗಮನವೆಲ್ಲ ಅಂಚಿನಲ್ಲಿರುವ ಮಗುವನ್ನು ಹೇಗಾದರೂ ದಾಟಿಸುವುದರ ಕಡೆಗೆ ಹರಿಯುವುದು ಸಹಜ. ಪಠ್ಯವನ್ನು ಮೀರಿ ಯೋಚಿಸುವ ಮಗುವಿನಿಂದ ಶಾಲೆಗೆ ಹೆಚ್ಚಿನ ಲಾಭವೇನೂ ಇರಲಿಲ್ಲ.

ಇಂತಹ ಕಾಲದಲ್ಲಿಯೇ ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಲಕ್ಷ್ಮೀನಾರಣಪ್ಪನು ಜನಿಸಿದನು. ಊರಿನಲ್ಲಿ ಕನ್ನಡ ಕಲಿತು, ಇಂಗ್ಲಿಷ್ ವಿದ್ಯೆಗಾಗಿ ಉಡುಪಿಗೆ ಬಂದ ಈ ಬಾಲಕನ ಓದು ಬಡತನದಿಂದ ಅರ್ಧಕ್ಕೇ ನಿಂತಿತು. ಉಪಾಧ್ಯಾಯ ತರಬೇತಿಯನ್ನು ಪಡೆದು, ಮದರಾಸಿನಲ್ಲಿ ಅಂಗಸಾಧನೆಯ ಶಿಕ್ಷಣವನ್ನೂ ಮುಗಿಸಿ, ಉಡುಪಿ ಕುಂದಾಪುರಗಳಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ ಹೊಟ್ಟೆಹೊರೆಯುವ ದಾರಿ ಅವನಿಗೆ ಉಳಿಯಿತು. ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದ ಈ ಯುವಕನು ಹಳಗನ್ನಡದಲ್ಲಿ ‘ಅದ್ಭುತ ರಾಮಾಯಣ’ವನ್ನೂ ‘ಶ್ರೀರಾಮಾಶ್ವಮೇಧ’ವನ್ನೂ, ವಾರ್ಧಕ ಷಟ್ಪದಿಯಲ್ಲಿ ‘ಶ್ರೀರಾಮಪಟ್ಟಾಭಿಷೇಕ’ವನ್ನೂ ರಚಿಸಿದ ಮುದ್ದಣ ಕವಿಯೆಂಬುದು ಆ ಶಾಲೆಗಳ ದಾಖಲೆಗೆ ಬೇಕಿರಲಿಲ್ಲ. ಅವನ ಸಾಹಿತ್ಯಾಭ್ಯಾಸಕ್ಕೆ ನೆರವಾದುದು ಮಳಲಿ ಸುಬ್ಬರಾಯರ ಸಹವಾಸ. ಒಬ್ಬ ಸಹೃದಯನು ತೆರೆದ ಬಾಗಿಲನ್ನು ಇಡೀ ವ್ಯವಸ್ಥೆ ತೆರೆದಿರಲಿಲ್ಲ.

ಮುದ್ದಣನು ತನ್ನ ಕೃತಿಗಳನ್ನು ಸ್ವಂತದ್ದೆಂದು ಹೇಳಿಕೊಳ್ಳದೆ, ಯಾರೋ ಪ್ರಾಚೀನ ಕವಿಯವೆಂಬ ಭಾವನೆ ಬರುವಂತೆ ಮೈಸೂರಿನ ‘ಕಾವ್ಯಮಂಜರಿ’ಗೆ ಕಳುಹಿಸಿದನು. ಇದಕ್ಕೆ ಕವಿಯ ವಿನಯವನ್ನು ಕಾರಣವಾಗಿ ಹೇಳುವುದು ವಾಡಿಕೆ. ವಿನಯವಿದ್ದಿರಬಹುದು. ಆದರೆ ಒಬ್ಬ ವ್ಯಾಯಾಮ ಶಿಕ್ಷಕನು ಕಾವ್ಯ ಬರೆದನೆಂದರೆ ಲೋಕ ಓದುವ ಮೊದಲೇ ತೂಗಿ ಕೆಳಗಿಡುವುದೆಂಬ ಅಳುಕೂ ಅದರೊಳಗಿರಲಾರದೆ? ಕ್ಷಯರೋಗದಿಂದ ಬಳಲಿ 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಅವನು ತೀರಿಕೊಂಡನು. ಹೊಸಗನ್ನಡದ ಮುಂಗೋಳಿಯೆಂದು ನಾಡು ಅವನನ್ನು ಕೊಂಡಾಡುವ ಹೊತ್ತಿಗೆ ಕೇಳಲು ಅವನಿರಲಿಲ್ಲ.

ಇದು ಒಂದು ಊರಿನ ದುರ್ದೈವವಷ್ಟೇ ಅಲ್ಲವೆಂಬುದಕ್ಕೆ ಅದೇ ಮದರಾಸು ಪ್ರಾಂತದ ಇನ್ನೊಂದು ಉದಾಹರಣೆಯನ್ನು ನೋಡಬಹುದು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಸರಕಾರಿ ಕಾಲೇಜಿಗೆ ವಿದ್ಯಾರ್ಥಿವೇತನ ಪಡೆದು ಸೇರಿ, ಗಣಿತವನ್ನುಳಿದ ವಿಷಯಗಳಲ್ಲಿ ಹಿಂದೆ ಬಿದ್ದು ಆ ವೇತನವನ್ನು ಕಳೆದುಕೊಂಡನು. ಎಲ್ಲ ವಿಷಯಗಳಲ್ಲಿಯೂ ಸಮನಾಗಿರಬೇಕೆಂಬ ನಿಯಮಕ್ಕೆ ಒಂದೇ ವಿಷಯದಲ್ಲಿ ಗಗನದೆತ್ತರ ಬೆಳೆದವನು ಅನುತ್ತೀರ್ಣನಾಗಿ ಕಂಡನು. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನಿತ್ತು ತಪ್ಪನ್ನು ತಿದ್ದಿಕೊಂಡಿತು. ರಾಮಾನುಜನ್ನನಿಗೆ ತಡವಾಗಿಯಾದರೂ ದೊರೆತ ಗುರುತು ಮುದ್ದಣನಿಗೆ ದೊರೆಯಲಿಲ್ಲ.

ಹಾಗೆಂದು ಸಾರ್ವಜನಿಕ ಶಿಕ್ಷಣ ಇಲಾಖೆಯಲ್ಲಿ ಕಣ್ಣುಳ್ಳವರೇ ಇರಲಿಲ್ಲವೆಂದಲ್ಲ. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಬಾಲ್ಯದ ಕಷ್ಟಗಳ ನಡುವೆ ಓದಿ ಉಪಾಧ್ಯಾಯರಾದವರು, ಮುಂದೆ ಶಾಲೆಗಳ ಇನ್‌ಸ್ಪೆಕ್ಟರರಾಗಿ ಜಿಲ್ಲೆಯ ಹಳ್ಳಿಹಳ್ಳಿಗಳನ್ನು ಸುತ್ತಿದವರು. ಮಗುವಿನ ಮನಸ್ಸು ಯಾವ ಭಾಷೆಗೆ ಅರಳುವುದೆಂಬುದನ್ನು ಬಲ್ಲ ಅವರು ಕಥೆ ಹಾಡುಗಳನ್ನು ರಚಿಸಿದರು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಕೋಟದ ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದುದು ಇದೇ ಹಾದಿಯ ಮುಂದಿನ ಹೆಜ್ಜೆ. ಪಠ್ಯಪುಸ್ತಕ ಮುಗಿದ ಮೇಲೆಯೂ ಹಸಿವು ತೀರದ ಮಗುವಿಗೆ ಕನ್ನಡದಲ್ಲಿ ಓದಲು ಏನಿದೆ ಎಂಬ ಪ್ರಶ್ನೆಗೆ ಈ ಇಬ್ಬರು ಕೊಟ್ಟ ಉತ್ತರ ದೊಡ್ಡದು.

ಶಾಲೆಯ ಒಳಗಿದ್ದವರ ಮಾತಾಯಿತು. ಶಾಲೆಯ ಜಗಲಿಯನ್ನೂ ಏರಲಾಗದಿದ್ದ ಮಕ್ಕಳ ಪ್ರತಿಭೆಯ ಗತಿಯೇನು? ಈ ಪ್ರಶ್ನೆಯನ್ನು ಕರಾವಳಿಯಲ್ಲಿ ಎತ್ತಿದವರು ಕುದ್ಮುಲ್ ರಂಗರಾಯರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಕಟ್ಟಿ, ಸ್ವಜನರ ಬಹಿಷ್ಕಾರವನ್ನೂ ಸಹಿಸಿ ಅವರು ಈ ಕಾರ್ಯವನ್ನು ನಡೆಸಿದರು. ಮೇಧಾವಿಗಳನ್ನು ಆರಿಸುವ ಮಾತಿಗೆ ಮುನ್ನ ಎಲ್ಲರನ್ನೂ ಒಳಗೆ ಕರೆದುಕೊಳ್ಳುವ ಮಾತು ಬರಬೇಕೆಂಬುದನ್ನು ಅವರ ಜೀವನ ತೋರಿಸಿತು.

ಈ ತತ್ತ್ವವು ಕನ್ನಡ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಅನುಭವಮಂಟಪದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ತಮ್ಮ ತಮ್ಮ ಕಾಯಕದ ನುಡಿಯಲ್ಲಿಯೇ ಅನುಭಾವವನ್ನು ಹೇಳಿದರು, ಅವರ ಮಾತು ಶಾಸ್ತ್ರಜ್ಞರ ಮಾತಿಗೆ ಸಮನಾಗಿ ನಿಂತಿತು. ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನನ್ನು ಷಟ್‌ಸ್ಥಲಜ್ಞಾನಿಯೆಂದು ಹಿರಿಯರು ಮನ್ನಿಸಿದರು. ಸೊನ್ನಲಿಗೆಯ ಸಿದ್ಧರಾಮನಂತಹ ಮಹಾಯೋಗಿಯು ಅವನಿಂದ ದೀಕ್ಷೆ ಪಡೆದ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲಿ ಬರುತ್ತದೆ. ಕಿರಿಯನಲ್ಲಿ ಹಿರಿದನ್ನು ಕಾಣಲು ಹಿರಿಯರಿಗೆ ಅಹಂಕಾರ ಅಳಿದಿರಬೇಕೆಂಬ ಪಾಠ ಅಲ್ಲಿದೆ. ಇಂದಿನ ಉಪಾಧ್ಯಾಯನಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಮತ್ತೊಂದಿಲ್ಲ.

ಶರಣರ ದಾಸೋಹ ತತ್ತ್ವವು ಆಧುನಿಕ ಕಾಲದಲ್ಲಿ ವಿದ್ಯಾದಾಸೋಹದ ರೂಪ ತಾಳಿದುದನ್ನು ಘಟ್ಟದ ಮೇಲಣ ಕರ್ನಾಟಕದಲ್ಲಿ ಕಾಣುತ್ತೇವೆ. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡ, ಗಿಲಗಂಚಿ ಗುರುಸಿದ್ಧಪ್ಪ ಮೊದಲಾದವರು ವಿದ್ಯಾರ್ಥಿವೇತನಗಳಿಗಾಗಿ ನಿಧಿಯನ್ನು ಕೂಡಿಸಿದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. 1917ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳೂ, ಅದೇ ವರ್ಷ ಸಿದ್ಧಗಂಗೆಯಲ್ಲಿ ಪೂಜ್ಯ ಉದ್ದಾನ ಶಿವಯೋಗಿಗಳೂ ಉಚಿತ ಪ್ರಸಾದನಿಲಯಗಳನ್ನು ತೆರೆದರು. ಈ ನಿಲಯಗಳ ವಿಧಾನ ಗಮನಾರ್ಹವಾದುದು. ಧಾರವಾಡದಲ್ಲಿ ಮಠವು ಕೊಟ್ಟುದು ಅನ್ನ, ಆಸರೆ ಮತ್ತು ಶಿಸ್ತು. ಬಾಲಕನು ಓದಲು ಹೋಗುತ್ತಿದ್ದುದು ಊರಿನ ಸಾರ್ವಜನಿಕ ಶಾಲೆಗೆ, ಎಲ್ಲರೊಡನೆ. ಇವನು ಜಾಣನೇ ಎಂದು ಮೊದಲು ಪರೀಕ್ಷಿಸಿ ಆಮೇಲೆ ಅನ್ನವಿಡುವ ಪದ್ಧತಿ ಅಲ್ಲಿರಲಿಲ್ಲ. ಮೊದಲು ಅನ್ನ, ಆಮೇಲೆ ಅಕ್ಷರ, ಅದರಿಂದ ತಾನಾಗಿ ಹೊರಹೊಮ್ಮುವ ಪ್ರತಿಭೆ ಎಂಬ ಕ್ರಮ ಅದು.

ಕರಾವಳಿಯಲ್ಲಿ ಈ ಕಾರ್ಯ ಬೇರೆ ರೀತಿಯಲ್ಲಿ ನಡೆಯಿತು. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಗುವವರೆಗೆ ಹೈಸ್ಕೂಲು ಮುಗಿಸಿದ ಉಡುಪಿಯ ಹುಡುಗನು ಕಾಲೇಜಿಗಾಗಿ ಮಂಗಳೂರಿಗೋ ಮದರಾಸಿಗೋ ಹೋಗಬೇಕಿತ್ತು. ಹುಡುಗಿಯಾದರೆ ಓದು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಅನಂತರ 1960ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಹಾಗೂ ಕಾರ್ಕಳದ ಭುವನೇಂದ್ರ, 1963ರಲ್ಲಿ ಕುಂದಾಪುರದ ಭಂಡಾರ್ಕಾರ್ಸ್, 1967ರಲ್ಲಿ ಸಂತೆಕಟ್ಟೆಯ ಬಳಿಯ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಕಾಲೇಜು ಆರಂಭವಾದುವು. ಮನೆಯ ಬುತ್ತಿಯನ್ನು ಕಟ್ಟಿಕೊಂಡು ಹೋಗಿ ಸಂಜೆಗೆ ಮರಳುವಷ್ಟು ಹತ್ತಿರಕ್ಕೆ ಕಾಲೇಜು ಬಂದುದರಿಂದ ಎಷ್ಟು ಪ್ರತಿಭೆಗಳು ಉಳಿದುವೆಂಬುದಕ್ಕೆ ಲೆಕ್ಕವಿಲ್ಲ. ದೂರವೂ ಒಂದು ಪರೀಕ್ಷೆಯೇ. ಅದರಲ್ಲಿ ಬಡವರ ಮಕ್ಕಳೇ ಹೆಚ್ಚಾಗಿ ಅನುತ್ತೀರ್ಣರಾಗುತ್ತಾರೆ.

ಸ್ವಾತಂತ್ರ್ಯಾನಂತರ ಸರಕಾರವು ಪ್ರತಿಭಾನ್ವೇಷಣೆಯನ್ನು ತನ್ನ ಹೊಣೆಯೆಂದು ಒಪ್ಪಿತು. 1963ರಲ್ಲಿ ದಿಲ್ಲಿಯಲ್ಲಿ ಕೇವಲ 10 ವಿದ್ಯಾರ್ಥಿವೇತನಗಳಿಂದ ತೊಡಗಿದ ವಿಜ್ಞಾನ ಪ್ರತಿಭಾನ್ವೇಷಣೆ ಮರುವರ್ಷ ದೇಶಕ್ಕೆಲ್ಲ ಹಬ್ಬಿ, ಮುಂದೆ ಎಲ್ಲ ವಿಷಯಗಳನ್ನೂ ಒಳಗೊಂಡ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಯಾಯಿತು. 2021ರ ಮಾರ್ಚಿಯವರೆಗೆ ಮಂಜೂರಾಗಿದ್ದ ಆ ಯೋಜನೆ ತರುವಾಯ ಸ್ಥಗಿತಗೊಂಡಿತು. 1964–66ರ ಕೊಠಾರಿ ಆಯೋಗವು ಒಂದು ಕಡೆ ಪ್ರತಿಭೆಯ ಪೋಷಣೆಯನ್ನೂ ಇನ್ನೊಂದು ಕಡೆ ಎಲ್ಲ ವರ್ಗದ ಮಕ್ಕಳೂ ಕೂಡಿ ಓದುವ ಸಮಾನ ಶಾಲೆಯನ್ನೂ ಬಯಸಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಇವುಗಳಲ್ಲಿ ಮೊದಲನೆಯದಕ್ಕೆ ಒತ್ತುಕೊಟ್ಟು ನವೋದಯ ವಿದ್ಯಾಲಯಗಳನ್ನು ನಾಡಿನಾದ್ಯಂತ ತಂದಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಇಂದು ದಕ್ಷಿಣ ಕನ್ನಡಕ್ಕೆ ಮುಡಿಪುವಿನಲ್ಲಿಯೂ ಉಡುಪಿ ಜಿಲ್ಲೆಗೆ ಹೆಬ್ರಿಯ ಬಳಿಯ ಚಾರದಲ್ಲಿಯೂ ನವೋದಯಗಳಿವೆ.

ನವೋದಯದ ಗುಣವನ್ನು ಮೊದಲು ಹೇಳಬೇಕು. ಆರನೆಯ ತರಗತಿಗೆ ಪ್ರವೇಶಪರೀಕ್ಷೆಯ ಮೂಲಕ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ಪುಸ್ತಕ ಎಲ್ಲವೂ ದೊರೆಯುತ್ತವೆ. ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಬೇರೆ ಭಾಷೆಯ ಪ್ರಾಂತಕ್ಕೆ ಕಳುಹಿಸಿ ದೇಶದ ಪರಿಚಯ ಮಾಡಿಸುತ್ತಾರೆ. ಕೂಲಿಕಾರರ ಮನೆಯ ಮಗು ಈ ಮೂಲಕ ವೈದ್ಯನೋ ವಿಜ್ಞಾನಿಯೋ ಆಗುವುದು ಸಣ್ಣ ಸಾಧನೆಯಲ್ಲ. ಆದರೆ ಒಂದು ಶಾಲೆ ವರ್ಷಕ್ಕೆ ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಎಂಬತ್ತೊಂದನೆಯ ಮಗು ತನ್ನ ಊರಿನ ಶಾಲೆಗೇ ಮರಳುತ್ತದೆ. ಆ ಶಾಲೆಯೋ ತನ್ನ ಚುರುಕಾದ ಮಕ್ಕಳನ್ನು ಕಳೆದುಕೊಂಡು ಮತ್ತಷ್ಟು ಬಡವಾಗಿರುತ್ತದೆ. 1990ರಲ್ಲಿ ವರದಿಯಿತ್ತ ಆಚಾರ್ಯ ರಾಮಮೂರ್ತಿ ಸಮಿತಿಯು ನವೋದಯಗಳ ಕುರಿತು ಮರುಚಿಂತನೆ ಬೇಕೆಂದುದರ ಹಿನ್ನೆಲೆಯಲ್ಲಿ ಇಂತಹ ಕಳವಳವೇ ಇತ್ತು.

ಹತ್ತು ವರ್ಷದ ಮಗುವನ್ನು ಒಂದು ದಿನದ ಪರೀಕ್ಷೆಯಿಂದ ಅಳೆಯುವುದು ಎಷ್ಟು ನಂಬತಕ್ಕದ್ದು ಎಂಬ ಪ್ರಶ್ನೆಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಬುದ್ಧಿಪರೀಕ್ಷೆ ನಡೆಸಿ, 1,500ಕ್ಕೂ ಹೆಚ್ಚು ಮೇಧಾವಿ ಮಕ್ಕಳನ್ನು ಆರಿಸಿ ಜೀವಮಾನವಿಡೀ ಅವರನ್ನು ಗಮನಿಸುವ ಕಾರ್ಯಕ್ಕೆ ತೊಡಗಿದನು. ಆರಿಸಲ್ಪಟ್ಟವರಲ್ಲಿ ಅನೇಕರು ಯಶಸ್ವಿಗಳಾದರು. ಆದರೆ ಒಬ್ಬನಿಗೂ ನೊಬೆಲ್ ಪಾರಿತೋಷಕ ಬರಲಿಲ್ಲ. ಪರೀಕ್ಷೆಗೆ ಕುಳಿತು ಅಂಕ ಸಾಲದೆ ಕೈಬಿಡಲ್ಪಟ್ಟ ಇಬ್ಬರು ಬಾಲಕರು, ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವಾರೆಜ್, ಮುಂದೆ ಕ್ರಮವಾಗಿ 1956ರಲ್ಲಿಯೂ 1968ರಲ್ಲಿಯೂ ಭೌತಶಾಸ್ತ್ರದ ನೊಬೆಲ್ ಪಡೆದರು. ಜರಡಿ ಎಷ್ಟೇ ಸೂಕ್ಷ್ಮವಾಗಿದ್ದರೂ ಚಿನ್ನದ ಕಣಗಳು ಕೆಳಗೆ ಸೋರುತ್ತವೆ. ನಂದಳಿಕೆಯ ಬಾಲಕನಂತೂ ಜರಡಿಯವರೆಗೂ ಬಂದವನಲ್ಲ.

ಆದುದರಿಂದ ಮಗುವನ್ನು ಸಾಮಾನ್ಯ ಶಾಲೆಯಲ್ಲಿಯೇ ಉಳಿಸಿ ನೆರವು ಕೊಡುವ ಯೋಜನೆಗಳಿಗೆ ಹೆಚ್ಚಿನ ಮಹತ್ತ್ವವಿದೆ. 2008ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರಾಷ್ಟ್ರೀಯ ಪ್ರತಿಭಾ ಹಾಗೂ ಆದಾಯ ಆಧಾರಿತ ವಿದ್ಯಾರ್ಥಿವೇತನವು ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗೇ ಮೀಸಲಾದುದು. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ತೇರ್ಗಡೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವೇತನ ದೊರೆಯುತ್ತದೆ. ಮೊದಲು ವರ್ಷಕ್ಕೆ 6,000 ರೂಪಾಯಿಗಳಿದ್ದುದು ಈಗ 12,000 ಆಗಿದೆ. ಓದು ಬಿಟ್ಟು ಕೆಲಸಕ್ಕೆ ಹೋಗುವ ವಯಸ್ಸಿನಲ್ಲಿಯೇ ಈ ನೆರವು ಬರುವುದು ಅದರ ವಿಶೇಷ. ಕರ್ನಾಟಕದಲ್ಲಿ 2002–03ರ ಅವಧಿಯಲ್ಲಿ ನೆಲೆಗೊಂಡ ಶಾಲಾ ಮಧ್ಯಾಹ್ನದ ಊಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟುದು ಶರಣರ ಮಾತಿಗೆ ಸರಕಾರವು ಸಲ್ಲಿಸಿದ ಗೌರವವೇ ಸರಿ. ಪ್ರಸಾದನಿಲಯದ ಆ ಹಳೆಯ ಕ್ರಮ, ಮೊದಲು ಅನ್ನ ಆಮೇಲೆ ಅಕ್ಷರವೆಂಬುದು, ಪ್ರತಿಯೊಂದು ಸರಕಾರಿ ಶಾಲೆಗೂ ಬಂದಿತು. ಅದೇ ದಶಕದಲ್ಲಿ ತೊಡಗಿದ ‘ಪ್ರತಿಭಾ ಕಾರಂಜಿ’ಯು ಹಾಡು, ಭಾಷಣ, ಅಭಿನಯಗಳಲ್ಲಿ ಮಕ್ಕಳ ಶಕ್ತಿಯನ್ನು ಹೊರತರುವ ವೇದಿಕೆಯಾಯಿತು.

ಉಡುಪಿಯ ಯಕ್ಷಗಾನ ಕಲಾರಂಗವು 2005ರಿಂದ ನಡೆಸುತ್ತಿರುವ ವಿದ್ಯಾಪೋಷಕ್ ಕಾರ್ಯವನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ಹೇಳಬೇಕು. 1975ರಲ್ಲಿ ಕಲೆಯ ಪೋಷಣೆಗಾಗಿ ಹುಟ್ಟಿದ ಸಂಸ್ಥೆ ಎಸ್.ಎಸ್.ಎಲ್.ಸಿ. ಮುಗಿಸಿದ ಬಡ ಪ್ರತಿಭಾವಂತ ವಿದ್ಯಾರ್ಥಿಗಳ ಓದಿಗೆ ನೆರವಾಗುತ್ತಿದೆ. ಅದರ ಕಾರ್ಯಕರ್ತರು ಅರ್ಜಿಯ ಕಾಗದವನ್ನು ಮಾತ್ರ ನೋಡಿ ತೃಪ್ತರಾಗದೆ ವಿದ್ಯಾರ್ಥಿಯ ಮನೆಗೇ ಹೋಗುತ್ತಾರೆ. ಸೋರುವ ಮಾಡು, ದೀಪವಿಲ್ಲದ ಮೂಲೆ, ಕಾಯಿಲೆಯಿಂದ ಮಲಗಿದ ತಂದೆ, ಇವುಗಳ ನಡುವೆ ಬಂದ ಅಂಕಗಳ ಬೆಲೆ ಮನೆಯನ್ನು ಕಂಡವರಿಗೇ ತಿಳಿಯುವುದು. ಮನೆಯಿಲ್ಲದ ಕೆಲವು ವಿದ್ಯಾರ್ಥಿಗಳಿಗೆ ದಾನಿಗಳ ನೆರವಿನಿಂದ ಮನೆಗಳನ್ನೂ ಸಂಸ್ಥೆ ಕಟ್ಟಿಸಿಕೊಟ್ಟಿದೆ. ಮುದ್ದಣನ ಬಾಲ್ಯದಲ್ಲಿ ನಂದಳಿಕೆಯ ಆ ಮನೆಗೆ ಹೀಗೆ ಯಾರಾದರೂ ಹೋಗಿದ್ದರೆ ಎಂಬ ಭಾವನೆ ಓದುಗರಲ್ಲಿ ಮೂಡದಿರದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಮಗುವಿನ ವಿಶೇಷ ಒಲವನ್ನು ಉಪಾಧ್ಯಾಯರು ಗುರುತಿಸಬೇಕೆಂದೂ, ಶಾಲೆಗಳಲ್ಲಿ ವಿಷಯಾಸಕ್ತರ ಕೂಟಗಳು ರಚನೆಯಾಗಬೇಕೆಂದೂ ಹೇಳಿದೆ. ಮಾತು ಸರಿಯಾದುದು. ಆದರೆ ಒಬ್ಬನೇ ಉಪಾಧ್ಯಾಯನು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಯಲ್ಲಿ ಗುರುತಿಸುವ ಕಣ್ಣಿಗೆ ಬಿಡುವೆಲ್ಲಿ? ಪರೀಕ್ಷಾ ಫಲಿತಾಂಶಗಳಲ್ಲಿ ಉಡುಪಿ ಜಿಲ್ಲೆ ನಾಡಿನ ಮೊದಲ ಸಾಲಿನಲ್ಲಿ ನಿಲ್ಲುತ್ತಾ ಬಂದಿರುವುದು ಅಭಿಮಾನದ ವಿಷಯವೇ. ಅಂಕಪಟ್ಟಿ ಹೇಳುವುದು ಎಷ್ಟು ಮಂದಿ ದಡ ಸೇರಿದರೆಂಬುದನ್ನು. ಯಾವ ಮಗು ಕಡಲನ್ನೇ ಈಜಬಲ್ಲದಾಗಿತ್ತೆಂಬುದನ್ನು ಅದು ಹೇಳದು.

ಹೀಗೆ ನೋಡಿದಾಗ ಈ ಸೀಮೆಯ ಚರಿತ್ರೆಯಲ್ಲಿ ಪ್ರತಿಭೆಗೆ ಎಂದೂ ಬರವಿರಲಿಲ್ಲ. ಬರವಿದ್ದುದು ಕಾಣುವ ಕಣ್ಣಿಗೆ ಮತ್ತು ನೀಡುವ ಕೈಗೆ. ಕಣ್ಣು ಉಪಾಧ್ಯಾಯನದು, ಕೈ ಸಮಾಜದ್ದು. ಆಯ್ದ ಕೆಲವರಿಗೆ ಪ್ರತ್ಯೇಕ ಶಾಲೆಗಳಿರಲಿ, ಅವು ಬೆಳಗಲಿ. ಆದರೆ ಊರ ನಡುವಿನ ಸರಕಾರಿ ಶಾಲೆಯಲ್ಲಿ ಒಂದು ಒಳ್ಳೆಯ ಗ್ರಂಥಾಲಯ, ಪ್ರಶ್ನೆ ಕೇಳಿದ ಮಗುವನ್ನು ಗದರದ ಒಬ್ಬ ಗುರು, ಹಸಿದ ಹೊಟ್ಟೆಗೆ ಒಂದು ತುತ್ತು, ಮುಂದಿನ ಓದಿಗೆ ಒಂದು ವೇತನ ಇವಿಷ್ಟು ಇದ್ದರೆ ಎಂಬತ್ತೊಂದನೆಯ ಮಗುವೂ ಉಳಿಯುತ್ತದೆ. ಮಠಗಳೂ ಮಾನ್ಯರೂ ಹಳೆಯ ವಿದ್ಯಾರ್ಥಿಗಳೂ ತಮ್ಮ ಊರಿನ ಶಾಲೆಯ ಬಾಗಿಲಿಗೆ ಹೋಗಿ, ಇಲ್ಲಿ ಹೆಚ್ಚು ಬಲ್ಲ ಮಗು ಯಾವುದು, ಅದಕ್ಕೆ ಏನು ಬೇಕು ಎಂದು ಕೇಳುವುದು ಇಂದಿನ ದಾಸೋಹ. ಕವಿಯೊಬ್ಬನು ತನ್ನ ಹೆಸರನ್ನು ಮರೆಸಿಕೊಂಡು ಬದುಕಿ ಹೋದ ನಾಡಿನಲ್ಲಿ ಇನ್ನೊಂದು ಮಗುವಿಗೆ ಆ ಗತಿ ಬಾರದಿರಲಿ.